ಹತ್ತು ಮಂದಿಯ ಪ್ರಾರ್ಥನೆ, ನಾಲ್ಕು ಸಾವಿರ ಮಂದಿಯ ಗುರು



ಧರ್ಮಗುರು ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಮಠ, ದೇವಾಲಯ, ಪ್ರವಚನದ ವೇದಿಕೆ. ಸಮವಸ್ತ್ರ ತೊಟ್ಟು, ಅಧಿಕಾರದ ಪಟ್ಟಿಯನ್ನು ಧರಿಸಿ, ಬೂಟುಗಾಲಿನಲ್ಲಿ ಕವಾಯತಿನ ಮೈದಾನವನ್ನು ದಾಟಿ ಹೋಗುವ ಧರ್ಮಗುರುವನ್ನು ನಾವು ಅಷ್ಟು ಸುಲಭವಾಗಿ ಊಹಿಸಿಕೊಳ್ಳಲಾರೆವು. ಆ ಗುರುವಿನ ಧರ್ಮವನ್ನು ಅನುಸರಿಸುವವರು ಸಾವಿರಾರು ಮಂದಿಯ ನಡುವೆ ಅತ್ಯಲ್ಪರಾಗಿದ್ದರಂತೂ ಅವನ ಕೆಲಸವೇನು, ಅವನಿಗೆ ಅಲ್ಲಿ ಸ್ಥಾನವೆಲ್ಲಿ ಎಂಬ ಪ್ರಶ್ನೆಯೇ ಏಳುತ್ತದೆ. ಅಮೆರಿಕ ದೇಶದ ಸೈನಿಕ ವಿದ್ಯಾಲಯಗಳಲ್ಲಿ ಸೇವೆ ಸಲ್ಲಿಸುವ ಯಹೂದಿ ಧರ್ಮಗುರುವಿನ ಜೀವನವನ್ನು ಈ ತಿಂಗಳ ಚಿಂತನೆಗೆ ನಾವು ಎತ್ತಿಕೊಂಡಿರುವುದು ಈ ಕಾರಣದಿಂದ. ದೂರದ ದೇಶದ, ಬೇರೊಂದು ಮತದ ವಿಷಯವಾದರೂ, ತನ್ನ ಆಚಾರವನ್ನು ಬಿಡದೆ ಅನ್ಯರ ಆಚಾರವನ್ನು ಕಾಯುವುದು ಹೇಗೆ ಎಂಬ ಪ್ರಶ್ನೆಗೆ ಅಲ್ಲಿ ಒಂದು ಉತ್ತರವಿದೆ.

ಸೇನೆಯಲ್ಲಿ ಧರ್ಮಗುರು ಇರುವುದು ನಮ್ಮ ದೇಶಕ್ಕೂ ಹೊಸದಲ್ಲ. ಭಾರತೀಯ ಸೇನೆಯಲ್ಲಿ ಪಂಡಿತರು, ಗ್ರಂಥಿಗಳು, ಮೌಲವಿಗಳು, ಪಾದ್ರಿಗಳು, ಬೌದ್ಧ ಭಿಕ್ಷುಗಳು ಧರ್ಮಶಿಕ್ಷಕರಾಗಿ ನೇಮಕಗೊಳ್ಳುತ್ತಾರೆ. ಅವರಿಗೆ ಜೂನಿಯರ್ ಕಮಿಷನ್ಡ್ ಅಧಿಕಾರಿಗಳ ದರ್ಜೆಯುಂಟು. ಹಲವು ಧರ್ಮದ ಸೈನಿಕರು ಕೂಡಿರುವ ದಳಗಳಲ್ಲಿ ಒಂದೇ ಸೂರಿನ ಕೆಳಗೆ ಎಲ್ಲ ದೇವರ ಆರಾಧನೆ ನಡೆಯುವ ಸರ್ವಧರ್ಮ ಸ್ಥಳವನ್ನು ಸೇನೆಯಲ್ಲಿ ದುಡಿದವರೆಲ್ಲ ಬಲ್ಲರು. ಅಮೆರಿಕದಲ್ಲಿ ಈ ಗುರುವನ್ನು ಚಾಪ್ಲಿನ್ ಎಂದು ಕರೆಯುತ್ತಾರೆ. ಅಲ್ಲಿ ಅವನು ಪೂರ್ಣ ಅಧಿಕಾರಿಯ ದರ್ಜೆಯನ್ನೇ ಪಡೆದಿರುತ್ತಾನೆ. ಆದರೆ ಅವನ ದರ್ಜೆಗೆ ಎರಡು ವಿಶೇಷಗಳುಂಟು. ಯಾವ ದಳಕ್ಕೂ ಆಜ್ಞೆ ಮಾಡುವ ಅಧಿಕಾರ ಅವನಿಗಿಲ್ಲ. ಆಯುಧವನ್ನು ಅವನು ಹಿಡಿಯುವಂತಿಲ್ಲ. ರಣರಂಗದಲ್ಲಿ ಅವನ ಪ್ರಾಣವನ್ನು ಕಾಯುವ ಹೊಣೆ ಅವನ ಸಹಾಯಕನಾದ ಸೈನಿಕನದು. ಕರ್ನಲ್ ದರ್ಜೆಗೆ ಏರಿದ್ದರೂ ಜನ ಅವನನ್ನು ದರ್ಜೆಯ ಹೆಸರಿನಿಂದ ಕೂಗದೆ ‘ಚಾಪ್ಲಿನ್’ ಎಂದೇ ಸಂಬೋಧಿಸುವ ವಾಡಿಕೆಯಿದೆ.

ಮೊದಲ ತರಗತಿಯ ಇಬ್ಬರು

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರು ದೂರದಲ್ಲಿ, ಹಡ್ಸನ್ ನದಿಯ ದಂಡೆಯ ಎತ್ತರದ ಬಂಡೆಗಳ ಮೇಲೆ ವೆಸ್ಟ್ ಪಾಯಿಂಟ್ ಎಂಬ ಸ್ಥಳವಿದೆ. ಅಮೆರಿಕದ ಭೂಸೇನೆಗೆ ಅಧಿಕಾರಿಗಳನ್ನು ಸಿದ್ಧಪಡಿಸುವ ವಿದ್ಯಾಲಯವು ಅಲ್ಲಿ 1802ರಲ್ಲಿ ಸ್ಥಾಪನೆಯಾಯಿತು. ಅದೇ ವರ್ಷ ಹೊರಬಂದ ಪ್ರಥಮ ತರಗತಿಯಲ್ಲಿ ಇದ್ದವರು ಇಬ್ಬರೇ. ಅವರಲ್ಲಿ ಒಬ್ಬನಾದ ಸೈಮನ್ ಲೆವಿ ಯಹೂದಿ. ಮೊದಲ ತರಗತಿಯ ಅರ್ಧದಷ್ಟು ಮಂದಿ ಯಹೂದಿಗಳೇ ಎಂದು ಅಲ್ಲಿಯ ಜನ ಇಂದಿಗೂ ವಿನೋದವಾಗಿ ಹೇಳುವುದುಂಟು. ಆದರೆ ಆ ಅರ್ಧದ ಪಾಲು ಮುಂದೆ ಉಳಿಯಲಿಲ್ಲ. ಇಂದು ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆಡೆಟ್‌ಗಳು ಓದುತ್ತಾರೆ. ಯಹೂದಿಗಳ ಸಂಖ್ಯೆ ಅದರಲ್ಲಿ ತೀರ ಚಿಕ್ಕದು.

ಯಹೂದಿ ಸೈನಿಕನಿಗೆ ತನ್ನ ಧರ್ಮದ ಗುರುವೊಬ್ಬ ಸೇನೆಯಲ್ಲಿ ದೊರೆಯುವುದು ಸುಲಭವಾಗಿರಲಿಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾದಾಗ, ಚಾಪ್ಲಿನ್ ಆಗುವವನು ಕ್ರೈಸ್ತ ಪಂಥವೊಂದರ ದೀಕ್ಷಿತ ಪಾದ್ರಿಯಾಗಿರಬೇಕೆಂದು ಕಾನೂನೇ ಹೇಳುತ್ತಿತ್ತು. ಯಹೂದಿಗಳು ಬಹಳವಿದ್ದ ಪೆನ್ಸಿಲ್ವೇನಿಯಾದ ಒಂದು ಅಶ್ವದಳವು ಮೈಕೆಲ್ ಆಲನ್ ಎಂಬ ಯಹೂದಿ ಬೋಧಕನನ್ನು ತನ್ನ ಗುರುವಾಗಿ ಆರಿಸಿಕೊಂಡಿತು. ಸಂಗತಿ ಬೆಳಕಿಗೆ ಬಂದೊಡನೆ ಅವನು ಸ್ಥಾನವನ್ನು ತ್ಯಜಿಸಬೇಕಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಆರ್ನಲ್ಡ್ ಫಿಶೆಲ್ ಎಂಬ ಧರ್ಮಬೋಧಕನು ನೇರವಾಗಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರನ್ನು ಕಂಡು ಈ ಅನ್ಯಾಯವನ್ನು ಅರಿಕೆ ಮಾಡಿಕೊಂಡನು. ಲಿಂಕನ್ ಅವರು ಅರಿಕೆಯನ್ನು ಮನ್ನಿಸಿದರು. 1862ರ ಜುಲೈ ತಿಂಗಳಲ್ಲಿ ಕಾನೂನು ಬದಲಾಯಿತು. ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾ ನಗರದ ಜೇಕಬ್ ಫ್ರಾಂಕೆಲ್ ಮೊದಲ ಯಹೂದಿ ಚಾಪ್ಲಿನ್ ಆಗಿ ನೇಮಕಗೊಂಡನು.

ಕಾನೂನು ಬದಲಾದ ಮಾತ್ರಕ್ಕೆ ಮನಸ್ಸು ಬದಲಾಗುವುದಿಲ್ಲ ಎಂಬುದಕ್ಕೆ ಒಂದು ನಿದರ್ಶನವನ್ನು ಹೇಳುತ್ತೇವೆ. ಅಮೆರಿಕದ ನೌಕಾ ವಿದ್ಯಾಲಯವು ಅನಾಪೊಲಿಸ್ ಎಂಬ ಊರಿನಲ್ಲಿದೆ. ಅಲ್ಲಿ 1922ರಲ್ಲಿ ಹೊರಬಂದ ತರಗತಿಯಲ್ಲಿ ಲೆನರ್ಡ್ ಕಪ್ಲಾನ್ ಎಂಬ ಯಹೂದಿ ತರುಣನು ಎರಡನೆಯ ಸ್ಥಾನವನ್ನು ಗಳಿಸಿದ್ದನು. ಆ ವರ್ಷದ ಸ್ಮರಣ ಸಂಚಿಕೆಯಲ್ಲಿ ಅವನ ಭಾವಚಿತ್ರವಿದ್ದ ಹಾಳೆಗೆ ಪುಟಸಂಖ್ಯೆಯನ್ನೇ ಹಾಕಲಿಲ್ಲ. ಹರಿದು ತೆಗೆಯಲು ಅನುಕೂಲವಾಗಲೆಂದು ಅಂಚೆಚೀಟಿಯ ಹಾಳೆಗೆ ಮಾಡುವಂತೆ ಅಂಚಿನುದ್ದಕ್ಕೂ ತೂತುಗಳನ್ನು ಮಾಡಿ ಮುದ್ರಿಸಿದರು. ನಾಲ್ಕು ವರ್ಷ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಸಾಲಿನಲ್ಲಿ ನಡೆದ ಸಹಪಾಠಿಗಳ ನಡುವೆ ಆ ಹುಡುಗನು ಎಷ್ಟು ಒಂಟಿಯಾಗಿದ್ದನೆಂಬುದನ್ನು ಆ ತೂತುಗಳೇ ಹೇಳುತ್ತವೆ. ಸೈನಿಕ ವಿದ್ಯಾಲಯದಲ್ಲಿ ಯಹೂದಿ ಧರ್ಮಗುರು ಏಕೆ ಬೇಕು ಎಂದು ಕೇಳುವವರಿಗೆ ಈ ಒಂದು ಹಾಳೆಯನ್ನು ತೋರಿಸಿದರೆ ಸಾಕೆಂದು ನಾವು ಭಾವಿಸುತ್ತೇವೆ.

ಕಡ್ಡಾಯವೂ ಸ್ವೇಚ್ಛೆಯೂ

ಬಹುಕಾಲದವರೆಗೆ ಈ ವಿದ್ಯಾಲಯಗಳಲ್ಲಿ ವಾರದ ಪ್ರಾರ್ಥನೆ ಕಡ್ಡಾಯವಾಗಿತ್ತು. ಪ್ರಾಟೆಸ್ಟಂಟ್, ಕ್ಯಾಥೊಲಿಕ್, ಯಹೂದಿ ಎಂಬ ಮೂರರಲ್ಲಿ ಯಾವುದಾದರೊಂದು ಪ್ರಾರ್ಥನೆಗೆ ಪ್ರತಿಯೊಬ್ಬ ಕೆಡೆಟ್ ಹಾಜರಾಗಲೇಬೇಕಿತ್ತು. ಭಕ್ತಿಯನ್ನು ಹಾಜರಿ ಪಟ್ಟಿಯಿಂದ ಅಳೆಯುವುದು ಸರಿಯಲ್ಲವೆಂದು ಕೆಲವು ಕೆಡೆಟ್‌ಗಳು ನ್ಯಾಯಾಲಯದ ಮೆಟ್ಟಿಲೇರಿದರು. 1972ರಲ್ಲಿ ಆ ಕಡ್ಡಾಯವು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಮಾನವಾಯಿತು. ಪ್ರಾರ್ಥನಾ ಮಂದಿರಗಳು ಬರಿದಾಗುವುವೆಂದು ಆಗ ಹಲವರು ಚಿಂತಿಸಿರಬಹುದು. ಆದರೆ ನಡೆದುದು ವಿಚಾರಮಾಡತಕ್ಕ ಸಂಗತಿ. ಕಡ್ಡಾಯವು ಹೋದ ಹನ್ನೆರಡು ವರ್ಷಗಳ ನಂತರ, 1984ರಲ್ಲಿ, ವೆಸ್ಟ್ ಪಾಯಿಂಟಿನಲ್ಲಿ ಯಹೂದಿಗಳಿಗೆಂದೇ ಒಂದು ಮಂದಿರವು ಸಮರ್ಪಣೆಯಾಯಿತು. ಮ್ಯಾಕ್ಸ್ ಅಬ್ರಮೊವಿಟ್ಸ್ ಎಂಬ ಹೆಸರಾಂತ ವಾಸ್ತುಶಿಲ್ಪಿ ಅದನ್ನು ರೂಪಿಸಿದನು. ಸರ್ಕಾರದ ಬೊಕ್ಕಸದಿಂದಲ್ಲ, ಭಕ್ತರ ಕಾಣಿಕೆಯಿಂದ ಅದು ಎದ್ದು ನಿಂತಿತು.

ನೌಕಾ ವಿದ್ಯಾಲಯದಲ್ಲಿಯೂ 2005ರಲ್ಲಿ ಇಂತಹದೇ ಮಂದಿರವೊಂದು ಸಮರ್ಪಣೆಗೊಂಡಿತು. ಅದಕ್ಕೆ ಯೂರಾಯ ಲೆವಿ ಎಂಬ ನೌಕಾಧಿಕಾರಿಯ ಹೆಸರಿದೆ. 1792ರಲ್ಲಿ ಹುಟ್ಟಿದ ಈತನು ಆರು ಬಾರಿ ಸೈನಿಕ ನ್ಯಾಯಾಲಯದ ವಿಚಾರಣೆಗೆ ಒಳಗಾಗಿಯೂ, ಸೇವೆಯಿಂದ ತೆಗೆದುಹಾಕಲ್ಪಟ್ಟು ಮತ್ತೆ ಸೇರಿಸಿಕೊಳ್ಳಲ್ಪಟ್ಟೂ, ಕೊನೆಗೆ ಕಮೊಡೋರ್ ಪದವಿಗೆ ಏರಿದನು. ಹಡಗಿನ ಆಳುಗಳನ್ನು ಚಾವಟಿಯಿಂದ ಹೊಡೆಯುವ ಅಮಾನುಷ ಶಿಕ್ಷೆಯನ್ನು ಅವನು ತನ್ನ ಹಡಗಿನಲ್ಲಿ ಕೈಬಿಟ್ಟು, ಅದರ ವಿರುದ್ಧ ಹೋರಾಡಿದನು. 1850ರಲ್ಲಿ ಆ ಶಿಕ್ಷೆಯು ಅಮೆರಿಕದ ನೌಕಾದಳದಿಂದಲೇ ತೊಲಗಿತು. ತಾನು ನೊಂದವನು ಪರರ ನೋವನ್ನು ಬಲ್ಲನು. ಪುಟವನ್ನೇ ಹರಿಯಲು ಹೊರಟಿದ್ದ ವಿದ್ಯಾಲಯದಲ್ಲಿ ಎಂಬತ್ತಮೂರು ವರ್ಷಗಳ ತರುವಾಯ ಯಹೂದಿಯೊಬ್ಬನ ಹೆಸರು ಕಲ್ಲಿನ ಕಟ್ಟಡಕ್ಕೇ ಬಂದಿತು.

ವಾರದ ಏಳು ದಿನ

ಈಗ ಈ ಗುರುವಿನ ದಿನಚರಿಯತ್ತ ತಿರುಗೋಣ. ಬೇಸಗೆಯಲ್ಲಿ ಹೊಸ ವಿದ್ಯಾರ್ಥಿಗಳು ಬಂದಿಳಿಯುವ ದಿನದಿಂದಲೇ ಅವನ ಕೆಲಸ ಆರಂಭ. ಹದಿನೆಂಟರ ಹುಡುಗನು ಬೆಳಗ್ಗೆ ತಂದೆತಾಯಿಗಳನ್ನು ಬೀಳ್ಕೊಡುತ್ತಾನೆ. ಮಧ್ಯಾಹ್ನದ ಹೊತ್ತಿಗೆ ತಲೆಗೂದಲು ಕತ್ತರಿಸಿ ಹೋಗಿರುತ್ತದೆ, ಮೈಮೇಲೆ ಸಮವಸ್ತ್ರವಿರುತ್ತದೆ, ಕಿವಿಯಲ್ಲಿ ಗದರಿಕೆಯ ಧ್ವನಿಯಿರುತ್ತದೆ. ಮುಂದಿನ ಆರು ವಾರಗಳ ಕಾಲ ಅವನ ಎದ್ದೇಳುವಿಕೆ, ಊಟ, ನಿದ್ರೆ, ಮಾತು ಎಲ್ಲವೂ ಪರರ ಆಜ್ಞೆಯಂತೆ. ಆ ದಿನಗಳಲ್ಲಿ ಯಾರೂ ಗದರದ ಸ್ಥಳವೆಂದರೆ ಪ್ರಾರ್ಥನಾ ಮಂದಿರ. ಅಲ್ಲಿ ಅವನನ್ನು ಹೆಸರು ಹಿಡಿದು ಕೂಗುವವರಿರುತ್ತಾರೆ. ಅಳು ಬಂದರೆ ಅಳಬಹುದು. ಅಲ್ಪೋಪಹಾರದ ಆಸೆಯಿಂದ ಬರುವ ಅನ್ಯಮತದ ತರುಣರೂ ಉಂಟು. ಅವರನ್ನೂ ಗುರುವು ಹೊರಗೆ ಕಳಿಸುವುದಿಲ್ಲ.

ಯಹೂದಿಗಳ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ಪ್ರಾಪ್ತ ವಯಸ್ಕರು ಕೂಡಬೇಕೆಂಬುದು ನಿಯಮ. ಒಂಬತ್ತು ಮಂದಿ ಮಹಾಪಂಡಿತರಿದ್ದರೂ ಆ ಪ್ರಾರ್ಥನೆ ಪೂರ್ಣವಾಗದು. ಹತ್ತನೆಯವನು ಏನೂ ಅರಿಯದವನಾದರೂ ಅವನು ಬಂದರೆ ಪೂರ್ಣವಾಗುವುದು. ದೊಡ್ಡ ನಗರದಲ್ಲಿ ಈ ನಿಯಮದ ಕಷ್ಟ ತಿಳಿಯದು. ಪರೀಕ್ಷೆ, ಪಹರೆ, ಕವಾಯತು, ಆಟೋಟಗಳ ನಡುವೆ ಹತ್ತು ಕೆಡೆಟ್‌ಗಳನ್ನು ಒಂದೆಡೆ ಸೇರಿಸಬೇಕಾದ ಗುರುವಿಗೆ ಅದು ಪ್ರತಿ ವಾರದ ಚಿಂತೆ. ಆದರೆ ಈ ಚಿಂತೆಯಲ್ಲಿಯೇ ಒಂದು ಲಾಭವೂ ಇದೆ. ಸಾವಿರಾರು ಮಂದಿಯ ಸಾಲಿನಲ್ಲಿ ತಾನು ಲೆಕ್ಕಕ್ಕಿಲ್ಲದವನೆಂದು ಭಾವಿಸಿದ ಹುಡುಗನಿಗೆ, ‘ನೀನು ಬರದಿದ್ದರೆ ಪ್ರಾರ್ಥನೆಯೇ ನಡೆಯದು’ ಎಂದು ಹೇಳುವ ಒಂದು ಸ್ಥಳ ಸಿಗುತ್ತದೆ.

ಸಬ್ಬತ್ ಎಂಬ ಪವಿತ್ರ ದಿನದ ಪಾಲನೆ ಇದಕ್ಕಿಂತ ಕಠಿಣ. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿ ನಕ್ಷತ್ರಗಳು ಕಾಣುವವರೆಗೆ ಯಹೂದಿಯು ಲೌಕಿಕ ಕೆಲಸಗಳಿಂದ ವಿರಮಿಸಬೇಕು. ನಿಷ್ಠೆಯಿಂದ ಆಚರಿಸುವವರು ಅಂದು ಬೆಂಕಿ ಹೊತ್ತಿಸುವುದಿಲ್ಲ, ಬರೆಯುವುದಿಲ್ಲ, ವಾಹನವನ್ನೇರುವುದಿಲ್ಲ. ಸೈನಿಕ ವಿದ್ಯಾಲಯದಲ್ಲಿಯಾದರೋ ಶನಿವಾರವೆಂದರೆ ಕೊಠಡಿಗಳ ತಪಾಸಣೆ, ಪಥಸಂಚಲನ, ಶರತ್ಕಾಲದಲ್ಲಿ ಫುಟ್ಬಾಲ್ ಪಂದ್ಯ. ಆಹಾರದ ನಿಯಮಗಳೂ ಹಾಗೆಯೇ. ಹಂದಿಯ ಮಾಂಸ ನಿಷಿದ್ಧ. ಮಾಂಸವನ್ನೂ ಹಾಲನ್ನೂ ಒಂದೇ ಊಟದಲ್ಲಿ ಬೆರೆಸುವಂತಿಲ್ಲ. ವಸಂತಕಾಲದ ಪೆಸಾಕ್ ಹಬ್ಬದಲ್ಲಿ ಹುದುಗು ಬಂದ ರೊಟ್ಟಿಯನ್ನು ಮನೆಯಲ್ಲಿಡುವಂತೆಯೂ ಇಲ್ಲ. ಸಾವಿರಾರು ಮಂದಿ ಒಟ್ಟಿಗೆ ಕುಳಿತು ಕೆಲವೇ ನಿಮಿಷಗಳಲ್ಲಿ ಉಂಡೇಳುವ ಭೋಜನಶಾಲೆಯಲ್ಲಿ ಇದೆಲ್ಲ ಹೇಗೆ ಸಾಧ್ಯ?

ಇಲ್ಲಿಯೇ ಗುರುವಿನ ವಿವೇಕದ ಪರೀಕ್ಷೆ. ಎಲ್ಲವನ್ನೂ ಬಿಟ್ಟುಬಿಡು ಎಂದರೆ ಆಚಾರ ಹೋಗುತ್ತದೆ; ಏನನ್ನೂ ಬಿಡಬೇಡ ಎಂದರೆ ಹುಡುಗನು ವಿದ್ಯಾಲಯವನ್ನೇ ಬಿಡಬೇಕಾಗುತ್ತದೆ. ಆದುದರಿಂದ ಅವನು ಒಂದು ಕೈಯಲ್ಲಿ ಶಾಸ್ತ್ರವನ್ನೂ ಇನ್ನೊಂದು ಕೈಯಲ್ಲಿ ಸೇನೆಯ ನಿಯಮಾವಳಿಯನ್ನೂ ಹಿಡಿದು ಕೂರುತ್ತಾನೆ. ಯಾವ ಕರ್ತವ್ಯವನ್ನು ಬೇರೆ ದಿನಕ್ಕೆ ಬದಲಿಸಿಕೊಳ್ಳಬಹುದು, ಯಾವುದಕ್ಕೆ ಮೇಲಧಿಕಾರಿಯ ಅನುಮತಿಯನ್ನು ಬೇಡಬೇಕು, ಯಾವುದನ್ನು ಅನಿವಾರ್ಯವೆಂದು ಒಪ್ಪಿಕೊಳ್ಳಬೇಕು ಎಂದು ಒಂದೊಂದಾಗಿ ಬಿಡಿಸಿ ಹೇಳುತ್ತಾನೆ. ಪ್ರಾಣರಕ್ಷಣೆಯ ಸಂದರ್ಭದಲ್ಲಿ ಸಬ್ಬತ್ತಿನ ನಿಷೇಧಗಳು ಸಡಿಲವಾಗುವುವೆಂದು ಅವರ ಶಾಸ್ತ್ರವೇ ಹೇಳುತ್ತದೆ. ಆದರೆ ಫುಟ್ಬಾಲ್ ಪಂದ್ಯವು ಪ್ರಾಣರಕ್ಷಣೆಯಲ್ಲ ಎಂಬುದನ್ನೂ ಅವನೇ ಹೇಳಬೇಕು. ಮೇಲಧಿಕಾರಿಗಳ ಮುಂದೆ ನಿಂತು, ‘ಈ ಹುಡುಗನು ಕೆಲಸಗಳ್ಳನಲ್ಲ, ವ್ರತಸ್ಥನು’ ಎಂದು ವಿವರಿಸುವ ಹೊಣೆಯೂ ಅವನದೇ.

ಇನ್ನೊಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ಯಹೂದಿಗಳಲ್ಲಿಯೂ ಸಂಪ್ರದಾಯನಿಷ್ಠರು, ಮಧ್ಯಮಮಾರ್ಗದವರು, ಸುಧಾರಣಾವಾದಿಗಳು ಎಂಬ ಶಾಖೆಗಳಿವೆ. ಹತ್ತು ಮಂದಿಯ ಲೆಕ್ಕದಲ್ಲಿ ಸ್ತ್ರೀಯರನ್ನು ಸೇರಿಸಬೇಕೇ ಬೇಡವೇ ಎಂಬುದರಲ್ಲಿಯೇ ಅವರಿಗೆ ಭೇದವಿದೆ. 1976ರಿಂದ ಈ ವಿದ್ಯಾಲಯಗಳಿಗೆ ಹೆಣ್ಣುಮಕ್ಕಳೂ ಪ್ರವೇಶ ಪಡೆದಿರುವುದರಿಂದ ಅದು ಬರಿಯ ಪುಸ್ತಕದ ಚರ್ಚೆಯಲ್ಲ. ನಗರದಲ್ಲಾದರೆ ಒಬ್ಬೊಬ್ಬರು ತಮಗೆ ಒಪ್ಪಿದ ಮಂದಿರಕ್ಕೆ ಹೋಗಬಹುದು. ಇಲ್ಲಿ ಇರುವುದು ಒಂದೇ ಮಂದಿರ, ಒಬ್ಬನೇ ರಬ್ಬಿ. ಅವನು ಯಾವ ಶಾಖೆಯವನೇ ಆಗಿರಲಿ, ಎಲ್ಲ ಶಾಖೆಗಳ ಮಕ್ಕಳಿಗೂ ಅವನೇ ಗುರು. ಒಳಪಂಗಡಗಳ ವಾದವನ್ನು ಮೀರಿ ನಿಲ್ಲಲಾರದವನಿಗೆ ಈ ಕೆಲಸ ಸಲ್ಲದು.

ಬಾಗಿಲು ಎಲ್ಲರಿಗೂ ತೆರೆದಿದೆ

ಆದರೆ ರಬ್ಬಿಯು ಯಹೂದಿಗಳಿಗೆ ಮಾತ್ರ ಗುರುವಲ್ಲ. ಅಮೆರಿಕದ ಸೇನೆಯಲ್ಲಿ ಚಾಪ್ಲಿನ್ನನ ಕರ್ತವ್ಯಕ್ಕೆ ಎರಡು ಮುಖಗಳಿವೆ. ತನ್ನ ಧರ್ಮದವರಿಗೆ ತಾನೇ ಪೂಜೆ ಸಲ್ಲಿಸಬೇಕು; ಅನ್ಯಧರ್ಮದವರಿಗೆ ಅವರವರ ಪೂಜೆಗೆ ವ್ಯವಸ್ಥೆ ಮಾಡಿಕೊಡಬೇಕು. ಅನ್ಯರ ವಿಧಿಯನ್ನು ತಾನು ಆಚರಿಸಬೇಕೆಂಬ ಒತ್ತಾಯವಿಲ್ಲ; ಅನ್ಯರಿಗೆ ತನ್ನ ವಿಧಿಯನ್ನು ಹೇರುವ ಹಕ್ಕೂ ಇಲ್ಲ. ಮುಸಲ್ಮಾನ ಕೆಡೆಟ್‌ಗೆ ರಮ್ಜಾನಿನ ಉಪವಾಸಕ್ಕೆ ಅನುಕೂಲ ಬೇಕಾದರೆ, ಹಿಂದೂ ಕೆಡೆಟ್‌ಗೆ ಪೂಜೆಗೊಂದು ಕೊಠಡಿ ಬೇಕಾದರೆ, ಅದಕ್ಕಾಗಿ ಓಡಾಡುವವನು ರಬ್ಬಿಯೇ ಆಗಿರಬಹುದು. ತನ್ನ ಉಪವಾಸದ ಬೆಲೆಯನ್ನು ಬಲ್ಲವನೇ ಪರರ ಉಪವಾಸವನ್ನು ಗೌರವಿಸಬಲ್ಲನಷ್ಟೆ.

ಇದಕ್ಕಿಂತ ಮಿಗಿಲಾದುದು ಗುಟ್ಟನ್ನು ಕಾಯುವ ಧರ್ಮ. ಚಾಪ್ಲಿನ್ನನ ಮುಂದೆ ಆಡಿದ ಅಂತರಂಗದ ಮಾತನ್ನು, ಆಡಿದವನ ಒಪ್ಪಿಗೆಯಿಲ್ಲದೆ, ಅವನು ಸೇನಾಧಿಪತಿಗೂ ಹೇಳುವಂತಿಲ್ಲ. ಎಲ್ಲವನ್ನೂ ವರದಿ ಮಾಡಬೇಕಾದ ಸೈನಿಕ ಜೀವನದಲ್ಲಿ ವರದಿಯಾಗದ ಮಾತಿಗೆ ಇರುವ ನೆಲೆ ಅದು. ವೆಸ್ಟ್ ಪಾಯಿಂಟಿನ ಗೌರವ ಸಂಹಿತೆಯ ಪ್ರಕಾರ ಕೆಡೆಟ್ ಸುಳ್ಳಾಡಬಾರದು, ವಂಚಿಸಬಾರದು, ಕದಿಯಬಾರದು. ಅಷ್ಟೇ ಅಲ್ಲ, ಹಾಗೆ ಮಾಡುವವರನ್ನು ಸಹಿಸಲೂಬಾರದು. 1976ರಲ್ಲಿ ಒಂದು ಪರೀಕ್ಷಾ ಅಕ್ರಮ ಬಯಲಾಗಿ ನೂರೈವತ್ತಕ್ಕೂ ಹೆಚ್ಚು ಕೆಡೆಟ್‌ಗಳು ವಿದ್ಯಾಲಯವನ್ನು ಬಿಡಬೇಕಾಯಿತು. ಅವರಲ್ಲಿ ಹಲವರಿಗೆ ಮುಂದೆ ಮರುಪ್ರವೇಶ ದೊರೆಯಿತು. ಪ್ರಾಣಮಿತ್ರನು ನಕಲು ಮಾಡಿದ್ದನ್ನು ಕಣ್ಣಾರೆ ಕಂಡ ಹುಡುಗನ ಸಂಕಟವನ್ನು ಊಹಿಸಿರಿ. ಹೇಳಿದರೆ ಮಿತ್ರದ್ರೋಹ, ಹೇಳದಿದ್ದರೆ ಸಂಹಿತೆಯ ಭಂಗ. ಅಂತಹ ರಾತ್ರಿ ಅವನು ಬಾಗಿಲು ತಟ್ಟುವುದು ಗುರುವಿನದು. ಗುರುವು ಅವನ ಪರವಾಗಿ ತೀರ್ಮಾನ ಮಾಡುವುದಿಲ್ಲ. ಅವನ ಮಾತನ್ನು ಪೂರ್ತಿಯಾಗಿ ಕೇಳಿ, ಸತ್ಯವನ್ನು ತಾನೇ ಹೊರುವ ಶಕ್ತಿ ಅವನಲ್ಲಿ ಹುಟ್ಟುವವರೆಗೆ ಜೊತೆಗೆ ಕೂರುತ್ತಾನೆ. ಮನೆಯ ನೆನಪು, ಮುರಿದ ಪ್ರೇಮ, ಬದುಕೇ ಬೇಡವೆನ್ನುವ ನಿರಾಶೆ, ಎಲ್ಲವೂ ಅದೇ ಬಾಗಿಲಿಗೆ ಬರುತ್ತವೆ. ಅಲ್ಲಿ ಬರುವವನ ಮತವನ್ನು ಯಾರೂ ಕೇಳುವುದಿಲ್ಲ.

ಕೊಲ್ಲುವ ವಿದ್ಯೆಯನ್ನು ಕಲಿಸುವ ಶಾಲೆಯಲ್ಲಿ ಧರ್ಮಗುರುವಿಗೇನು ಕೆಲಸವೆಂದು ಕೇಳುವವರಿದ್ದಾರೆ. ಪ್ರಶ್ನೆ ಕ್ಷುಲ್ಲಕವಲ್ಲ. ದೇವರ ಸೇವೆ ಮತ್ತು ದಂಡನಾಯಕನ ಸೇವೆ ಇವೆರಡನ್ನೂ ಒಂದೇ ಸಮವಸ್ತ್ರದೊಳಗೆ ಹೊರುವವನಿಗೆ ಒಳಗುದಿ ಇದ್ದೇ ಇರುತ್ತದೆ. ಆದರೆ ಆಯುಧ ಹಿಡಿಯುವ ಕೈಗೆ ಸಂಯಮವನ್ನು ಕಲಿಸುವವನು ಬೇಡವೇ? ಶತ್ರುವಿನ ಊರನ್ನು ಮುತ್ತಿದಾಗಲೂ ಹಣ್ಣು ಕೊಡುವ ಮರಗಳನ್ನು ಕಡಿಯಕೂಡದೆಂಬ ವಿಧಿ ಯಹೂದಿಗಳ ತೋರಾ ಗ್ರಂಥದಲ್ಲಿದೆ. ನಾಳೆ ನೂರಾರು ಜನರಿಗೆ ಆಜ್ಞೆ ಮಾಡಬೇಕಾದ ತರುಣನು ಇಂದು ಆ ವಿಧಿಯನ್ನು ಓದಿ ಚರ್ಚಿಸುವುದು ವ್ಯರ್ಥವಲ್ಲ.

ಮೂರು ಪ್ರಸಂಗಗಳು

ಈ ಪರಂಪರೆಯ ಹಿರಿಯರ ಕಥೆಗಳು ಸೈನಿಕ ಜೀವನಕ್ಕೆ ಕಾಲಿಡುವ ಯುವಕರಿಗೆ ದಾರಿದೀಪಗಳಾಗಿವೆ. ಮೂರನ್ನು ಇಲ್ಲಿ ಹೇಳುತ್ತೇವೆ.

1943ರ ಫೆಬ್ರವರಿ 3ರ ನಡುರಾತ್ರಿಯ ನಂತರ, ಗ್ರೀನ್‌ಲ್ಯಾಂಡ್ ಸಮೀಪದ ಹಿಮಶೀತಲ ಸಮುದ್ರದಲ್ಲಿ, ಡಾರ್ಚೆಸ್ಟರ್ ಎಂಬ ಸೈನಿಕ ಸಾಗಣೆಯ ಹಡಗಿಗೆ ಜರ್ಮನಿಯ ಜಲಾಂತರ್ಗಾಮಿಯ ಟಾರ್ಪೆಡೊ ಬಡಿಯಿತು. ಹಡಗಿನಲ್ಲಿ ಸುಮಾರು 900 ಮಂದಿ; ಬದುಕಿದವರು ಸುಮಾರು 230. ಅದರಲ್ಲಿ ನಾಲ್ವರು ಚಾಪ್ಲಿನ್ನರಿದ್ದರು: ಮೆಥಡಿಸ್ಟ್ ಪಂಥದ ಜಾರ್ಜ್ ಫಾಕ್ಸ್, ರಿಫಾರ್ಮ್ಡ್ ಪಂಥದ ಕ್ಲಾರ್ಕ್ ಪೋಲಿಂಗ್, ಕ್ಯಾಥೊಲಿಕ್ ಪಾದ್ರಿ ಜಾನ್ ವಾಷಿಂಗ್ಟನ್, ರಬ್ಬಿ ಅಲೆಕ್ಸಾಂಡರ್ ಗುಡ್. ನಾಲ್ವರೂ ತಮ್ಮ ಜೀವರಕ್ಷಕ ಕವಚಗಳನ್ನು ಬಿಚ್ಚಿ, ಇಲ್ಲದವರಿಗೆ ತೊಡಿಸಿದರು. ಕೈಗವಸುಗಳನ್ನು ತರಲು ಕೊಠಡಿಗೆ ಹಿಂದಿರುಗುತ್ತಿದ್ದ ಒಬ್ಬ ನಾವಿಕನನ್ನು ತಡೆದು, ತನ್ನ ಬಳಿ ಇನ್ನೊಂದು ಜೊತೆಯಿದೆಯೆಂದು ಹೇಳಿ, ರಬ್ಬಿ ಗುಡ್ ತನ್ನವನ್ನೇ ಕೊಟ್ಟನು. ಇನ್ನೊಂದು ಜೊತೆ ಇರಲಿಲ್ಲವೆಂಬುದು ಆ ನಾವಿಕನಿಗೆ ಆಮೇಲೆ ಹೊಳೆಯಿತು. ಕವಚ ಕೊಡುವಾಗ ಆ ನಾಲ್ವರಲ್ಲಿ ಯಾರೂ ಪಡೆಯುವವನ ಮತವನ್ನು ವಿಚಾರಿಸಲಿಲ್ಲ. ತೋಳಿಗೆ ತೋಳು ಸೇರಿಸಿ ಪ್ರಾರ್ಥಿಸುತ್ತ ಮುಳುಗುವ ಹಡಗಿನೊಡನೆ ಹೋದ ಅವರನ್ನು ಬದುಕಿ ಉಳಿದವರು ಕಂಡು ಹೇಳಿದ್ದಾರೆ.

ಎರಡನೆಯದು 1945ರ ಮಾರ್ಚ್ ತಿಂಗಳ ಪ್ರಸಂಗ. ಪೆಸಿಫಿಕ್ ಸಾಗರದ ಇವೋ ಜಿಮಾ ದ್ವೀಪದಲ್ಲಿ ಘೋರ ಕದನ ಕೊನೆಗೊಳ್ಳುತ್ತಿದ್ದಾಗ, ಐದನೆಯ ಮರೀನ್ ಡಿವಿಷನ್ನಿನ ಸಮಾಧಿ ಭೂಮಿಯ ಸಮರ್ಪಣೆ ನಡೆಯಬೇಕಿತ್ತು. ಡಿವಿಷನ್ನಿನ ಮುಖ್ಯ ಚಾಪ್ಲಿನ್ ಕ್ರೈಸ್ತನಾಗಿದ್ದರೂ ಸರ್ವರ ಪರವಾಗಿ ಸ್ಮರಣೋಪನ್ಯಾಸ ಮಾಡಲು ರಬ್ಬಿ ರೋಲಂಡ್ ಗಿಟಲ್ಸನ್‌ನನ್ನು ಕರೆದನು. ಬಹುಪಾಲು ಕ್ರೈಸ್ತರ ಸಮಾಧಿಗಳ ಮುಂದೆ ಯಹೂದಿ ಮಾತನಾಡಕೂಡದೆಂದು ಉಳಿದ ಕೆಲವು ಪಾದ್ರಿಗಳು ತಕರಾರೆತ್ತಿದರು. ತನ್ನನ್ನು ಕರೆದವನಿಗೆ ಮುಜುಗರವಾಗಬಾರದೆಂದು ಗಿಟಲ್ಸನ್ ತಾನೇ ಹಿಂದೆ ಸರಿದು, ಯಹೂದಿ ಸೈನಿಕರ ಚಿಕ್ಕ ಸಭೆಯಲ್ಲಿ ಆ ಉಪನ್ಯಾಸವನ್ನು ಮಾಡಿದನು. ಬಡವ ಬಲ್ಲಿದ, ಕರಿಯ ಬಿಳಿಯ, ಎಲ್ಲರೂ ಒಂದೇ ಮಣ್ಣಿನಲ್ಲಿ ಸಮಾನರಾಗಿ ಮಲಗಿದ್ದಾರೆಂಬುದು ಅದರ ತಿರುಳು. ಮೂವರು ಪ್ರಾಟೆಸ್ಟಂಟ್ ಚಾಪ್ಲಿನ್ನರು ತಮ್ಮ ಸಭೆಯನ್ನು ಬಿಟ್ಟು ಅವನ ಸಭೆಗೆ ಬಂದು ಕುಳಿತರು. ಅವರಲ್ಲೊಬ್ಬನು ಆ ಬರಹದ ಪ್ರತಿಗಳನ್ನು ಮಾಡಿಸಿ ಹಂಚಿದನು. ಸೈನಿಕರು ಅದನ್ನು ಮನೆಗಳಿಗೆ ಕಳಿಸಿದರು. ದೇಶವೆಲ್ಲ ಅದನ್ನು ಓದಿತು. ತಡೆಯದಿದ್ದರೆ ಆ ದ್ವೀಪದಲ್ಲಿಯೇ ಉಳಿದುಬಿಡಬಹುದಾಗಿದ್ದ ಮಾತು ತಡೆದುದರಿಂದಲೇ ಲೋಕಕ್ಕೆ ಮುಟ್ಟಿತು.

ಮೂರನೆಯದು ಒಂದು ಟೋಪಿಯ ಕಥೆ. ನಿಷ್ಠಾವಂತ ಯಹೂದಿಗಳು ತಲೆಯ ಮೇಲೆ ಕಿಪ್ಪಾ ಎಂಬ ಚಿಕ್ಕ ದುಂಡು ಟೋಪಿಯನ್ನು ಧರಿಸುತ್ತಾರೆ. 1983ರ ಅಕ್ಟೋಬರ್ 23ರಂದು ಬೈರೂತ್ ನಗರದಲ್ಲಿ ಅಮೆರಿಕದ ಸೈನಿಕರ ವಸತಿಯನ್ನು ಸ್ಫೋಟಿಸಿದಾಗ ಅಲ್ಲಿದ್ದ ರಬ್ಬಿ ಆರ್ನಲ್ಡ್ ರೆಸ್ನಿಕಾಫ್ ಗಾಯಾಳುಗಳ ಮುಖವನ್ನು ತನ್ನ ಕಿಪ್ಪಾದಿಂದಲೇ ಒರೆಸಿದನು. ಅದು ರಕ್ತದಲ್ಲಿ ತೊಯ್ದುಹೋಯಿತು. ಜೊತೆಗಿದ್ದ ಕ್ಯಾಥೊಲಿಕ್ ಪಾದ್ರಿ ಜಾರ್ಜ್ ಪುಚ್ಚಿಯರೆಲ್ಲಿ ತನ್ನ ಸಮವಸ್ತ್ರದ ತುಂಡೊಂದನ್ನು ಹರಿದು ಅವನ ತಲೆಗೆ ಕಿಪ್ಪಾ ಮಾಡಿಕೊಟ್ಟನು. ಇತ್ತ ಅಮೆರಿಕದಲ್ಲಿ, ಸಮವಸ್ತ್ರದೊಡನೆ ಕಿಪ್ಪಾ ಧರಿಸುವ ಹಕ್ಕಿಗಾಗಿ ಸಿಮ್ಚಾ ಗೋಲ್ಡ್‌ಮನ್ ಎಂಬ ವಾಯುದಳದ ಅಧಿಕಾರಿ ಹೂಡಿದ ದಾವೆಯು 1986ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಒಂದೇ ಮತದ ಅಂತರದಿಂದ, ಐದಕ್ಕೆ ನಾಲ್ಕರಂತೆ, ಸೋತಿತು. ಮರುವರ್ಷ ಅಲ್ಲಿಯ ಸಂಸತ್ತು ಕಾನೂನನ್ನೇ ಮಾಡಿ ಆ ಹಕ್ಕನ್ನು ಕೊಟ್ಟಿತು. ಆ ಚರ್ಚೆಯಲ್ಲಿ ಬೈರೂತಿನ ಆ ಹರಿದ ಬಟ್ಟೆಯ ತುಂಡಿನ ಕಥೆಯೂ ಕೇಳಿಬಂದಿತು. ಪಾದ್ರಿಯೊಬ್ಬನು ರಬ್ಬಿಯ ಆಚಾರವನ್ನು ಕಾಯ್ದನು. ನ್ಯಾಯಾಲಯದಲ್ಲಿ ಸಿಗದುದನ್ನು ಒದಗಿಸುವಲ್ಲಿ ಆ ಸೌಹಾರ್ದಕ್ಕೂ ಪಾಲಿತ್ತು.

ಎಲ್ಲೆ ಮೀರಿದಾಗ

ಎಲ್ಲವೂ ಸುಖಾಂತವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಕೊಲೊರಾಡೊ ಪ್ರಾಂತದ ವಾಯುದಳ ವಿದ್ಯಾಲಯದಲ್ಲಿ ಹದಿನೇಳು ಶಿಖರಗಳ ಒಂದು ಭವ್ಯ ಮಂದಿರವಿದೆ. ಅದು ನಿರ್ಮಾಣವಾದದ್ದು 1962ರಲ್ಲಿ. ಮೇಲಿನ ಅಂತಸ್ತಿನಲ್ಲಿ ಪ್ರಾಟೆಸ್ಟಂಟರ ಸಭಾಂಗಣ. ಕೆಳಗೆ ಕ್ಯಾಥೊಲಿಕರಿಗೂ ಯಹೂದಿಗಳಿಗೂ ಪ್ರತ್ಯೇಕ ಮಂದಿರಗಳು. ಮುಂದೆ ಬೌದ್ಧರಿಗೂ ಮುಸಲ್ಮಾನರಿಗೂ ಸ್ಥಳ ದೊರೆಯಿತು. ಇದೇ ವಿದ್ಯಾಲಯದಲ್ಲಿ 2005ರಲ್ಲಿ, ಕೆಲವು ಹಿರಿಯರೂ ಸಹಪಾಠಿಗಳೂ ತಮ್ಮ ಮತವನ್ನು ಹೇರುತ್ತಿದ್ದಾರೆ, ಯಹೂದಿ ಕೆಡೆಟ್‌ಗಳನ್ನು ಹೀಯಾಳಿಸುತ್ತಿದ್ದಾರೆ ಎಂಬ ದೂರುಗಳೆದ್ದವು. ವಾಯುದಳವು ವಿಚಾರಣೆ ನಡೆಸಿ, ಧರ್ಮದ ವಿಷಯದಲ್ಲಿ ಅಧಿಕಾರಿಗಳು ಹೇಗೆ ನಡೆದುಕೊಳ್ಳಬೇಕೆಂಬ ಮಾರ್ಗಸೂಚಿಯನ್ನು ಹೊರಡಿಸಬೇಕಾಯಿತು. ಆಗ ವಾಯುದಳಕ್ಕೆ ಸಲಹೆಗಾರನಾಗಿ ಬಂದವನು ಬೈರೂತಿನ ಅದೇ ರಬ್ಬಿ ರೆಸ್ನಿಕಾಫ್.

ಒಂದೇ ಸೂರಿನ ಕೆಳಗೆ ಎಷ್ಟು ಮಂದಿರಗಳನ್ನು ಕಟ್ಟಿದರೂ, ಕೆಳಗಿನವನನ್ನು ಮೇಲಿನವನು ಸಮಾನನೆಂದು ತಿಳಿಯದಿದ್ದರೆ ಅದು ಬರಿಯ ಕಟ್ಟಡವೇ ಸರಿ. ಅಧಿಕಾರದಲ್ಲಿರುವವನು ಮೃದುವಾಗಿ ಹೇಳಿದ ಮಾತು ಕೂಡ ಕೈಕೆಳಗಿನವನ ಕಿವಿಗೆ ಆಜ್ಞೆಯಾಗಿ ಕೇಳಿಸುತ್ತದೆ. ಚಾಪ್ಲಿನ್ನನಿಗೆ ಆಜ್ಞೆಯ ಅಧಿಕಾರವನ್ನು ಕೊಡದೆ ಇರುವುದರಲ್ಲಿ ಎಷ್ಟು ಆಳವಾದ ವಿವೇಕವಿದೆಯೆಂಬುದು ಇಲ್ಲಿ ಮನದಟ್ಟಾಗುತ್ತದೆ. ಗುರುವಿನ ಮಾತಿಗೆ ಬೆಲೆ ಬರಬೇಕಾದರೆ ಅದನ್ನು ತಿರಸ್ಕರಿಸುವ ಸ್ವಾತಂತ್ರ್ಯ ಶಿಷ್ಯನಿಗಿರಬೇಕು.

ಪ್ರಿಯ ವಾಚಕರೇ, ನಮ್ಮ ಮನೆಗಳ ಮಕ್ಕಳೂ ಇಂದು ದೂರದ ವಿದ್ಯಾಲಯಗಳಿಗೆ, ಸೇನೆಗೆ, ಹೊರದೇಶಗಳಿಗೆ ಹೋಗುತ್ತಿದ್ದಾರೆ. ಅವರಲ್ಲಿ ಹಲವರು ತಮ್ಮ ಆಚಾರದವರು ಮತ್ತೊಬ್ಬರಿಲ್ಲದ ಕೊಠಡಿಗಳಲ್ಲಿ ವಾಸಿಸುತ್ತಾರೆ. ಹಾಗೆಯೇ ನಾವೇ ಬಹುಸಂಖ್ಯೆಯಲ್ಲಿರುವ ಊರುಗಳಿಗೆ, ನಮ್ಮ ಸಂಸ್ಥೆಗಳ ವಿದ್ಯಾರ್ಥಿನಿಲಯಗಳಿಗೆ ಅನ್ಯರ ಮಕ್ಕಳು ಒಬ್ಬೊಬ್ಬರಾಗಿ ಬರುತ್ತಾರೆ. ಮೊದಲನೆಯವರಿಗೆ ಬೇಕಾದುದು, ತಮ್ಮ ನಡೆಯ ಬಗ್ಗೆ ನಾಚದಿರುವ ಧೈರ್ಯ. ಅದನ್ನು ಮನೆಯಿಂದಲೇ ಕಟ್ಟಿ ಕಳಿಸಬೇಕು. ಎರಡನೆಯವರಿಗೆ ಬೇಕಾದುದು, ಅವರ ನಡೆಗೊಂದು ಎಡೆ. ಅದನ್ನು ಕೊಡಬೇಕಾದವರು ನಾವು. ಹಾಸ್ಟೆಲಿನ ಪಂಕ್ತಿಯಲ್ಲಿ ಒಬ್ಬ ಹುಡುಗ ಯಾವುದೋ ದಿನ ಉಣ್ಣದೆ ಕುಳಿತಿದ್ದರೆ, ಅದು ಹಟವೋ ವ್ರತವೋ ಎಂದು ಪ್ರೀತಿಯಿಂದ ಕೇಳಿ ತಿಳಿಯುವವರು ಒಬ್ಬರಾದರೂ ಅಲ್ಲಿರಲಿ.